ಪುಣೆಯ ಚಳಿ, ಮುಂಡಗೋಡದ ಸ್ವೆಟರು

ಪುಣೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಚಳಿಯ ವಿಷಯಕ್ಕೆ ಎರಡು ಪಕ್ಷಗಳಿವೆ. ‘ಇದೂ ಒಂದು ಚಳಿಯೇ?’ ಎನ್ನುವ ಬೆಳಗಾವಿಯವರದು ಒಂದು ಪಕ್ಷ. ಕಾರ್ತಿಕ ಮಾಸ ಕಾಲಿಟ್ಟೊಡನೆ ಕಿವಿಗೆ ಮಫ್ಲರು ಸುತ್ತಿಕೊಳ್ಳುವ ರಾಯಚೂರು, ಬಳ್ಳಾರಿಯವರದು ಇನ್ನೊಂದು. ನಾನು ಗದಗಿನವನು. ನಡುವೆ ನಿಂತು ನೋಡಿದರೆ ಇಬ್ಬರು ಹೇಳುವುದೂ ನಿಜವೆಂದೇ ತೋರುತ್ತದೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರು ಎತ್ತರದ ಈ ಊರಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಅದೇ ದಿನ ಮಧ್ಯಾಹ್ನ 30ರ ಹತ್ತಿರ ಏರುವುದೂ ಉಂಟು. ಸ್ವೆಟರಿಲ್ಲದೆ ಮನೆ ಬಿಟ್ಟವನು ಬಸ್ಸಿನ ನಿಲುಗಡೆಯಲ್ಲಿ ನಡುಗುತ್ತಾನೆ. ಹಾಕಿಕೊಂಡು ಹೊರಟವನು ಮಧ್ಯಾಹ್ನ ಅದನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಾನೆ.

ಇಂಥ ಊರಿನಲ್ಲಿ, ಗುಂಡಿಗಳೇ ಇಲ್ಲದ, ಬಿಚ್ಚಬೇಕಾದರೆ ತಲೆಯ ಮೇಲಿಂದಲೇ ಎಳೆಯಬೇಕಾದ, ಕೊರಳನ್ನು ಗದ್ದದವರೆಗೆ ಮುಚ್ಚುವ ಸ್ವೆಟರನ್ನು ಕೊಳ್ಳುವುದು ಜಾಣರ ಕೆಲಸವಲ್ಲ. ಕಳೆದ ಚಳಿಗಾಲದಲ್ಲಿ ನಾವು ಒಂದಲ್ಲ, ಎರಡು ಕೊಂಡೆವು.

ಇದಕ್ಕೆ ಅಂಗಡಿಯವರು ‘ಹೈನೆಕ್’ ಎನ್ನುತ್ತಾರೆ. ಇಂಗ್ಲೆಂಡಿನವರಿಗೆ ಇದು ಪೋಲೊ ನೆಕ್, ಅಮೆರಿಕದವರಿಗೆ ಟರ್ಟಲ್ ನೆಕ್. ಎಂದರೆ ಆಮೆಯ ಕೊರಳು. ಆಮೆ ತನ್ನ ಅಂಗಗಳನ್ನು ಒಳಗೆಳೆದುಕೊಳ್ಳುವಂತೆ ಇಂದ್ರಿಯಗಳನ್ನು ಒಳಗೆಳೆದುಕೊಂಡವನೇ ಸ್ಥಿತಪ್ರಜ್ಞನೆಂದು ಗೀತೆಯಲ್ಲಿ ಕೇಳಿದ್ದೇವಷ್ಟೆ. ಆ ಲೆಕ್ಕದಲ್ಲಿ ಇದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ! ಒಂದು ಕಾಲಕ್ಕೆ ನಾವಿಕರೂ ಮೀನುಗಾರರೂ ಕಡಲಗಾಳಿಗೆ ತೊಡುತ್ತಿದ್ದ ಈ ಉಡುಪು, 1957ರ ‘ಫನ್ನಿ ಫೇಸ್’ ಚಿತ್ರದಲ್ಲಿ ಆಡ್ರೆ ಹೆಪ್ಬರ್ನ್ ತೊಟ್ಟ ಮೇಲೆ ಹೆಂಗಸರಿಗೂ ಪ್ರಿಯವಾಯಿತು. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರಂತೂ ಜಪಾನಿನ ಇಸ್ಸೆ ಮಿಯಾಕೆಯವರಿಂದ ಕಪ್ಪು ಬಣ್ಣದವನ್ನು ರಾಶಿಗಟ್ಟಲೆ ಮಾಡಿಸಿಕೊಂಡು ಕೊನೆಯವರೆಗೂ ಅದನ್ನೇ ತೊಟ್ಟರು.

ಆದರೆ ನಮಗೆ ಅದು ಬೇಕಾಗಿದ್ದುದು ಷೋಕಿಗಲ್ಲ. ಸರಿಯಾಗಿ ಹೇಳಬೇಕೆಂದರೆ ಚಳಿಗೂ ಅಲ್ಲ.

ಆ ವರ್ಷ ಆಗಸ್ಟಿನಲ್ಲಿ ನನ್ನ ಹೆಂಡತಿಗೆ ಥೈರಾಯ್ಡಿನ ಶಸ್ತ್ರಚಿಕಿತ್ಸೆಯಾಯಿತು. ನಮ್ಮ ಅಜ್ಜಿಯ ಕಾಲದಲ್ಲಿ ಗಳಗಂಡ ಎನ್ನುತ್ತಿದ್ದರಲ್ಲ, ಅಂಥದೇ ಒಂದು ಗಂಟು. ಕೊರಳ ಬುಡದಲ್ಲಿ ಅಡ್ಡಲಾಗಿ ಕೊಯ್ದು ತೆಗೆದರು. ಗಂಟು ಕೆಟ್ಟದ್ದಲ್ಲವೆಂದು ವರದಿ ಬಂದ ದಿನ ನಾನು ಕಚೇರಿಯಲ್ಲಿ ಎಲ್ಲರಿಗೂ ಚಹ ಕುಡಿಸಿದೆ. ಕೆಲವು ವಾರ ಒಡೆದಂತಿದ್ದ ಧ್ವನಿಯೂ ತಿರುಗಿ ಸರಿಯಾಯಿತು. ಉಳಿದುದು ಎರಡು, ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನುಂಗಬೇಕಾದ ಒಂದು ಮಾತ್ರೆ ಮತ್ತು ಕೊರಳಿನ ಮೇಲೆ ಬೆರಳುದ್ದದ ಒಂದು ಕೆಂಪು ಗೆರೆ.

‘ವರ್ಷ ಕಳೆಯುವುದರೊಳಗೆ ಮಾಸುತ್ತದೆ. ಬಿಸಿಲು ತಾಗಿಸಬೇಡಿ, ಕಪ್ಪಾಗುತ್ತದೆ’ ಎಂದರು ಡಾಕ್ಟರು. ಇವಳು ಬಿಸಿಲಿನಿಂದ ಮಾತ್ರವಲ್ಲ, ಜನರಿಂದಲೂ ಅದನ್ನು ಕಾಪಾಡತೊಡಗಿದಳು. ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ದಾಸರ ಪದ ಹಾಡುವವಳು ಇವಳು. ದಸರೆಗೆ ತಲೆನೋವೆಂದಳು, ರಾಜ್ಯೋತ್ಸವಕ್ಕೆ ಮಗಳ ಪರೀಕ್ಷೆ ಎಂದಳು. ಮಗಳ ಪರೀಕ್ಷೆ ಮುಗಿದು ಒಂದು ತಿಂಗಳಾಗಿತ್ತು. ನಾನು ಸುಮ್ಮನಿದ್ದೆ.

ನವೆಂಬರಿನ ಕೊನೆಯ ಒಂದು ಭಾನುವಾರ ಕ್ಯಾಂಪಿನ ಕಡೆಗೆ ಹೋಗಿದ್ದೆವು. ಚಳಿಗಾಲ ಬಂದರೆ ನಮ್ಮ ದೇಶದ ಎಷ್ಟೋ ಊರುಗಳಂತೆ ಪುಣೆಗೂ ಟಿಬೇಟಿನವರು ಸ್ವೆಟರು ಮಾರಲು ಬರುತ್ತಾರೆ. ರಸ್ತೆಯ ಪಕ್ಕದ ಅಂಥ ಒಂದು ಅಂಗಡಿಯ ಮುಂದೆ ನಿಂತು, ಕಪ್ಪು ಬಣ್ಣದ್ದೊಂದು, ಕಗ್ಗೆಂಪು ಬಣ್ಣದ್ದೊಂದು ಕೈಯಲ್ಲಿ ಹಿಡಿದು, ನಮ್ಮ ಗುಟ್ಟಿನ ಭಾಷೆಯಾದ ಕನ್ನಡದಲ್ಲಿ ಸಮಾಲೋಚನೆ ನಡೆಸಿದೆವು.

‘ಎಂಟುನೂರು ಭಾಳ ಆತು. ಆರುನೂರಕ್ಕ ಕೇಳೂಣು’ ಎಂದೆ.

ಅಂಗಡಿಯ ಹೆಂಗಸು ತಲೆಯೆತ್ತದೆ, ಮಡಿಕೆ ಹಾಕುತ್ತಲೇ ಹೇಳಿದಳು: ‘ಆರುನೂರಕ್ಕ ಬರಂಗಿಲ್ರೀ ಅಣ್ಣಾರ. ಎರಡು ತಗೊಂಡ್ರ ಏಳುನೂರರಂಗ ಕೊಡ್ತೀನಿ.’

ನಮ್ಮಿಬ್ಬರ ಮುಖವನ್ನು ಆಗ ಯಾರಾದರೂ ನೋಡಬೇಕಾಗಿತ್ತು! ಆಕೆ ಮುಂಡಗೋಡದವಳು. ದಲಾಯಿ ಲಾಮಾ ಅವರು 1959ರಲ್ಲಿ ಭಾರತಕ್ಕೆ ಬಂದ ಮೇಲೆ, ಅವರ ಹಿಂದೆ ಬಂದ ನಿರಾಶ್ರಿತರಿಗೆ ಮೈಸೂರು ಸರಕಾರ ಜಮೀನು ಕೊಟ್ಟಿತು. ಮೊದಲು ಬೈಲಕುಪ್ಪೆಯಲ್ಲಿ, ಬಳಿಕ 1966ರಲ್ಲಿ ಉತ್ತರ ಕನ್ನಡದ ಮುಂಡಗೋಡದಲ್ಲಿ. ಈಕೆ ಹುಟ್ಟಿದ್ದೇ ಅಲ್ಲಿ. ಮಳೆಗಾಲದಲ್ಲಿ ಮನೆಯವರು ಗೋವಿನಜೋಳ ಬೆಳೆಯುತ್ತಾರೆ, ಸಂತೆ ಸಾಮಾನಿಗೆ ಹುಬ್ಬಳ್ಳಿಗೆ ಹೋಗುತ್ತಾರೆ, ಚಳಿಗಾಲದಲ್ಲಿ ಹೀಗೆ ಊರೂರಿಗೆ. ‘ಇವೆಲ್ಲ ಟಿಬೇಟದ ಉಣ್ಣಿ ಏನ್ರೀ?’ ಎಂದು ಕೇಳಿದೆ. ‘ಅಲ್ರೀ, ಲೂಧಿಯಾನಾದ್ದು’ ಎಂದು ನಕ್ಕಳು. ವ್ಯಾಪಾರಿಗಳಲ್ಲಿ ಇಂಥ ಸತ್ಯವಂತರು ಅಪರೂಪ.

ನನ್ನವಳು ಮಾತಿನ ನಡುನಡುವೆ ಸೆರಗನ್ನು ಕೊರಳಿಗೆ ಎಳೆದುಕೊಳ್ಳುತ್ತಿದ್ದಳು. ಆ ಹೆಂಗಸು ಅದನ್ನು ನೋಡಿಯೂ ನೋಡದವಳಂತೆ, ಕಗ್ಗೆಂಪು ಸ್ವೆಟರನ್ನು ಅವಳ ಕೈಗಿತ್ತು, ‘ಇದನ್ನ ಹಾಕ್ಕೋರಿ ಅಕ್ಕಾರ. ಸೆರಗು ಮತ್ತ ಮತ್ತ ಎಳೀಬೇಕಂತಿಲ್ಲ’ ಎಂದಳು. ಅಷ್ಟೇ. ಚೌಕಾಶಿ ಅಲ್ಲಿಗೆ ಮುಗಿಯಿತು.

ಆ ಎರಡು ಸ್ವೆಟರುಗಳು ಒಂದು ಚಳಿಗಾಲದಲ್ಲಿ ನಮಗೆ ಪುಣೆಯನ್ನೆಲ್ಲ ತೋರಿಸಿದವು. ಅನುಭವದಿಂದ ಕಲಿತದ್ದನ್ನು ವಾಚಕರ ಉಪಯೋಗಕ್ಕಾಗಿ ಹೇಳುತ್ತೇನೆ.

ಮೊದಲನೆಯದು ಪರ್ವತಿ. ಬೆಳಿಗ್ಗೆ ಆರಕ್ಕೆ ಆ 103 ಮೆಟ್ಟಿಲು ಹತ್ತುವವರು ಕೊರಳಪಟ್ಟಿಯನ್ನು ಮಡಿಸದೆ ಕಿವಿಯವರೆಗೆ ಎಳೆದುಕೊಳ್ಳಬೇಕು. ಇಳಿಯುವಾಗ ಎರಡು ಮಡಿಕೆ ಮಾಡಬೇಕು. ಒಳಗೆ ತೆಳುವಾದ ಹತ್ತಿಯ ಬನಿಯನ್ ಇರಲೇಬೇಕು. ಇಲ್ಲವಾದರೆ ಬೆವರಿಗೆ ನೂಲು ಚುಚ್ಚಿ, ದೇವರ ಮುಂದೆ ಕೈಮುಗಿಯುವುದನ್ನು ಬಿಟ್ಟು ಮೈ ತುರಿಸಿಕೊಳ್ಳುವ ಪ್ರಸಂಗ ಬರುತ್ತದೆ.

ಎರಡನೆಯದು ಕಚೇರಿ. ನನ್ನ ಕಪ್ಪು ಸ್ವೆಟರಿನ ಮೇಲೆ ಮದುವೆಯ ಕಾಲದ ಬೂದು ಕೋಟನ್ನು ಹಾಕಿಕೊಂಡು ಹೋದೆ. ಟೈ ಬೇಡ, ಇಸ್ತ್ರಿಯ ಅಂಗಿ ಬೇಡ. ಆದರೂ ಗಂಭೀರವಾಗಿ ಕಾಣುತ್ತದೆ. ಹಿಂದೆ ಮೈಸೂರಿನ ಹಿರಿಯರು ಕೊರಳವರೆಗೆ ಗುಂಡಿ ಹಾಕುತ್ತಿದ್ದ ಕ್ಲೋಸ್ ಕಾಲರ್ ಕೋಟಿಗೆ ಇದು ದೂರದ ನೆಂಟನೇ ಸರಿ. ಆದರೆ ಒಳಗೆ ಕಾಲರಿನ ಅಂಗಿ ಹಾಕಬಾರದು. ಕೊರಳಿನಲ್ಲಿ ಗಂಟು ಎದ್ದಂತೆ ಕಾಣುತ್ತದೆ. ನನ್ನ ಹಾಗೆ ಗಿಡ್ಡ ಕೊರಳಿನವರು ಅರ್ಧ ಎತ್ತರದ ಪಟ್ಟಿಯದನ್ನೇ ಆರಿಸುವುದು ಲೇಸು. ‘ಸ್ಟೀವ್ ಜಾಬ್ಸ್ ಸಾಹೇಬರು ಬಂದರು!’ ಎಂದು ಗೆಳೆಯರು ಎದ್ದು ನಿಂತರು. ಮಧ್ಯಾಹ್ನ ಎರಡಕ್ಕೆ ಸಾಹೇಬರು ಸ್ನಾನದ ಕೋಣೆಗೆ ಹೋಗಿ ಸ್ವೆಟರು ಬಿಚ್ಚಿ, ಬನಿಯನ್ನಿನ ಮೇಲೆ ಕೋಟು ಹಾಕಿಕೊಂಡು ಕಡತ ನೋಡಿದರು.

ಮೂರನೆಯದು ಸಿಂಹಗಡ, ಊರಿನಿಂದ ನೈರುತ್ಯಕ್ಕೆ ಸುಮಾರು 30 ಕಿಲೋಮೀಟರು. ದಾರಿಯಲ್ಲಿ ಖಡಕವಾಸಲಾ ಆಣೆಕಟ್ಟು. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಕೂಡಿಸಿದ್ದು ಇಲ್ಲಿಯೇ ಎಂದು ಮಗಳಿಗೆ ಹೇಳಲು ಗಾಡಿ ನಿಲ್ಲಿಸಿದೆ. ಗಡದ ಮೇಲೆ ಗಾಳಿಯೋ ಗಾಳಿ. ಅಲ್ಲಿ ಸ್ವೆಟರಿನ ಮೇಲೆ ಗಾಳಿ ತಡೆಯುವ ಜಾಕೀಟು ಇನ್ನೊಂದು ಬೇಕು. ಹೆಣೆದ ಬಟ್ಟೆ ಚಳಿಯನ್ನು ತಡೆದೀತು, ಗಾಳಿಯನ್ನು ತಡೆಯದು. ನಮ್ಮ ಝುಣಕ–ರೊಟ್ಟಿಯ ಸೋದರನಾದ ಪಿಠಲೆ–ಭಾಕರಿ ತಿಂದು, ಮಣ್ಣಿನ ಕುಡಿಕೆಯ ಮೊಸರು ಕುಡಿದೆವು. ಮೂರು ತಿಂಗಳ ಮೇಲೆ ಅಂದು ಮೊದಲ ಸಲ ಇವಳು ಜನರ ನಡುವೆ ಎರಡೂ ಕೈ ಬೀಸಿ ನಡೆದದ್ದನ್ನು ನೋಡಿದೆ.

ನಾಲ್ಕನೆಯದು ಸವಾಯಿ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗಾಗಿ ನಮ್ಮ ಗದಗಿನ ಕಡೆಯ ಭೀಮಸೇನ ಜೋಶಿಯವರು 1953ರಲ್ಲಿ ಮೊದಲುಮಾಡಿದ ಸಂಗೀತೋತ್ಸವ ಪುಣೆಯಲ್ಲಿ ಡಿಸೆಂಬರಿನಲ್ಲಿ ನಡೆಯುತ್ತದೆ. ಹಿಂದೆ ಬೆಳಗಾಗುವವರೆಗೆ ಹಾಡುತ್ತಿದ್ದರು. ಈಗ ರಾತ್ರಿಗೇ ಮುಗಿಯುತ್ತದೆ. ಅಲ್ಲಿ ಸ್ವೆಟರಿನ ಮೇಲೆ ಶಾಲು ಹೊದೆಯುವುದೇ ಸಂಪ್ರದಾಯ, ಬಣ್ಣ ಹೊಂದಿದರೂ ಸರಿ, ಬಿಟ್ಟರೂ ಸರಿ. ಒಂದು ಯಮನ್ ನಡೆದಿತ್ತು. ಪಕ್ಕದಲ್ಲಿ ಏನೋ ಸಣ್ಣ ದನಿ ಕೇಳಿದಂತಾಗಿ ತಿರುಗಿದೆ. ಕಗ್ಗೆಂಪು ಕೊರಳಪಟ್ಟಿಯೊಳಗೆ ಗದ್ದ ಹುದುಗಿಸಿಕೊಂಡು ಇವಳು ಗುನುಗುತ್ತಿದ್ದಳು. ನಾನು ಕೇಳದವನಂತೆ ವೇದಿಕೆಯ ಕಡೆ ನೋಡಿದೆ.

ಕೊನೆಯದು ಸಂಘದ ಸಂಕ್ರಾಂತಿ. ಇಳಕಲ್ ಸೀರೆಗೆ ಹೈನೆಕ್ ಹೊಂದುವುದೇ ಎಂಬ ಚರ್ಚೆ ಮನೆಯಲ್ಲಿ ಎರಡು ದಿನ ನಡೆಯಿತು. ಹೊಂದುತ್ತದೆ, ಸ್ವೆಟರು ತೆಳುವಾಗಿ, ಮೈಗೆ ಒಪ್ಪುವಂತಿರಬೇಕು, ಒಂದೇ ಬಣ್ಣದ್ದಿರಬೇಕು. ರವಿಕೆಯ ಮೇಲೆ ಸ್ವೆಟರು, ಅದರ ಮೇಲೆ ಸೆರಗು. ಕೊರಳು ಮುಚ್ಚಿರುವುದರಿಂದ ಕಿವಿಗೆ ಸ್ವಲ್ಪ ದೊಡ್ಡ ಓಲೆ ಬೇಕು. ತಲೆ ಬಾಚುವ ಮೊದಲೇ ತೊಟ್ಟುಕೊಳ್ಳಬೇಕು. ತಾಳಿ ಒಳಗೋ ಹೊರಗೋ ಎಂಬುದಕ್ಕೆ ಗದಗಿನಿಂದ ನಮ್ಮ ಅವ್ವ ಫೋನಿನಲ್ಲಿ ತೀರ್ಪು ಕೊಟ್ಟಳು: ‘ಹೊರಗ ಇರಲಿ. ಒಳಗಿದ್ರ ನೂಲಿಗೆ ಸಿಕ್ಕೊಂಡು ಎಳೀತದ.’ ಕಗ್ಗೆಂಪಿನ ಮೇಲೆ ಕರಿಮಣಿ ಚೆನ್ನಾಗಿಯೇ ಕಂಡಿತು.

ಸಂಜೆಯ ಸಭಾಗೃಹ ಜನರಿಂದ ತುಂಬಿ ಒಳಗೆ ಸೆಕೆಯಾಗಿತ್ತು. ಎಳ್ಳುಬೆಲ್ಲ ಹಂಚುವುದು ಮುಗಿದ ಮೇಲೆ ಹಿರಿಯರೊಬ್ಬರು, ‘ಈ ಸಲನಾದ್ರೂ ಒಂದು ಪದಾ ಅಂತೀಯೇನವಾ?’ ಎಂದು ಇವಳನ್ನು ಕೇಳಿದರು. ಇವಳ ಹಣೆಯ ಮೇಲೆ ಬೆವರು ಮೂಡಿತ್ತು. ನನ್ನ ಕಡೆ ಒಮ್ಮೆ ನೋಡಿ ಎದ್ದು ಪಕ್ಕದ ಕೋಣೆಗೆ ಹೋದಳು. ಮನೆಗೆ ಹೊರಟಳೆಂದೇ ತಿಳಿದು ನಾನು ಚಪ್ಪಲಿ ಹುಡುಕತೊಡಗಿದೆ.

ಐದು ನಿಮಿಷ ಬಿಟ್ಟು ಬಂದಳು. ಸ್ವೆಟರು ಮಡಿಕೆಯಾಗಿ ಕೈಯಲ್ಲಿತ್ತು. ಅದನ್ನು ನನ್ನ ತೊಡೆಯ ಮೇಲೆ ಇಟ್ಟು, ಮುಂದೆ ಹೋಗಿ ಕುಳಿತು, ಪುರಂದರದಾಸರ ಪದವೊಂದನ್ನು ಎತ್ತಿಕೊಂಡಳು. ಮೊದಲ ಚರಣದಲ್ಲಿ ಧ್ವನಿ ಸ್ವಲ್ಪ ನಡುಗಿತು. ಎರಡನೆಯದರಲ್ಲಿ ಮೊದಲಿನದೇ ಧ್ವನಿ. ಆ ಗೆರೆಯನ್ನು ಯಾರಾದರೂ ನೋಡಿದರೋ ಇಲ್ಲವೋ ನಾನರಿಯೆ. ಹಾಡು ಮುಗಿದ ಮೇಲೆ ಎಲ್ಲರೂ ಇನ್ನೊಂದು ಪದ ಕೇಳಿದರು.

ಫೆಬ್ರುವರಿಯಲ್ಲಿ ಕ್ಯಾಂಪಿನ ಕಡೆ ಹೋದಾಗ ಆ ಅಂಗಡಿ ಇರಲಿಲ್ಲ. ತಮ್ಮ ಹೊಸ ವರ್ಷವಾದ ಲೋಸಾರಿಗೆ ಊರು ಸೇರುತ್ತೇವೆಂದು ಆಕೆ ಮೊದಲೇ ಹೇಳಿದ್ದಳು. ಮಾರ್ಚಿನಲ್ಲಿ ಎರಡೂ ಸ್ವೆಟರುಗಳನ್ನು ತಣ್ಣೀರಿನಲ್ಲಿ ಒಗೆದು, ತೂಗುಹಾಕದೆ ಚಾಪೆಯ ಮೇಲೆ ಹರವಿ ಒಣಗಿಸಿ, ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟೆವು. ತೂಗುಹಾಕಿದರೆ ಕೊರಳು ಜೋತು ಬಿದ್ದು, ಆಮೆ ಹೋಗಿ ಬಾತುಕೋಳಿಯಾಗುತ್ತದೆ.

ಮೊನ್ನೆ ಟ್ರಂಕು ತೆರೆದಾಗ, ‘ಈ ಸಲ ನಿನಗೆ ಇದು ಬೇಕೇನು?’ ಎಂದು ಕೇಳಿದೆ. ‘ಯಾಕ ಬ್ಯಾಡ? ಚಳಿ ಇಲ್ಲೇನು?’ ಎಂದಳು.

ಈ ವರ್ಷ ಅದನ್ನು ಅವಳು ಬರಿಯ ಚಳಿಗಾಗಿ ತೊಡುತ್ತಾಳೆ.