ಏರಿಯ ಕೆಳಗಿನ ಮನೆಗಳು

ಅಕ್ಟೋಬರ್ 12, 2022, ಬುಧವಾರ

ಚಿತ್ತೆ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿದೆ. ಬೆಳಿಗ್ಗೆ ಕೆರೆ ನೋಡಲು ಹೋದೆ. ಏರಿಯ ಎತ್ತರ 7 ಮೀಟರ್. ತುಂಬಿದರೆ ಸುಮಾರು 4 ಲಕ್ಷ ಘನಮೀಟರ್ ನೀರು. ಏರಿಯ ಮೇಲೆಲ್ಲ ಜಾಲಿ, ಹೊಂಗೆ. ಒಳಮೈಯ ಕಲ್ಲುಕಟ್ಟಣೆ ಅಲ್ಲಲ್ಲಿ ಜಾರಿದೆ. ತೂಬಿನ ಪಕ್ಕದಲ್ಲಿ, ಏರಿಯ ಬುಡದಲ್ಲಿ ಅಂಗೈಯಗಲದ ಜಾಗ ಜಿನುಗುತ್ತಿತ್ತು.

"ಇದು ನಮ್ಮಪ್ಪನ ಕಾಲ್ದಿಂದ್ಲೂ ಐತೆ ಮೇಡಂ, ಬ್ಯಾಸ್ಗೇಲಿ ನಿಂತೋಗ್ತದೆ" ಎಂದರು ನೀರುಗಂಟಿ ತಾತ.

ಗಾಜಿನ ಲೋಟದಲ್ಲಿ ಹಿಡಿದು ಕಲ್ಲಿನ ಮೇಲಿಟ್ಟು ಕಾದೆವು. ತಳದಲ್ಲಿ ಮಣ್ಣು ಕೂರಲಿಲ್ಲ. ಮಣ್ಣಿನ ಏರಿ ಅಂದಮೇಲೆ ಜಿನುಗುವುದು ಸಹಜ, ತಿಳಿನೀರಾದರೆ ಅಷ್ಟು ಭಯವಿಲ್ಲ. ಕದಡಿದ ನೀರು ಬಂತೆಂದರೆ ಒಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ, ಏರಿಯೊಳಗೆ ಬಿಲ ಕೊರೆಯುತ್ತಿದೆ ಎಂದೇ ಅರ್ಥ. ದಿನಾ ಬೆಳಿಗ್ಗೆ ಲೋಟ ಹಿಡಿದು ನೋಡಿ, ಬಣ್ಣ ಬದಲಾದರೆ ನಡುರಾತ್ರಿಯಾದರೂ ಫೋನ್ ಮಾಡಿ ಎಂದು ತಾತನಿಗೆ ಹೇಳಿ ಬಂದೆ.

ಅಕ್ಟೋಬರ್ 14, ಶುಕ್ರವಾರ

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್ ಮೀರಿದವಕ್ಕೆ ಅನ್ವಯ. 10ರಿಂದ 15 ಮೀಟರ್ ಎತ್ತರದವಕ್ಕೆ ಉದ್ದ, ಸಂಗ್ರಹ ಮುಂತಾದ ಷರತ್ತುಗಳಿವೆ. ನಮ್ಮ ಕೆರೆ ಹೊರಗೆ. ಪ್ರವಾಹದ ಲೆಕ್ಕಕ್ಕಿರುವ 1985ರ ಐ.ಎಸ್. 11223 ತೆಗೆದರೆ ಅಲ್ಲಿ 'ಸಣ್ಣದು' ಎನ್ನುವ ಗುಂಪು ಶುರುವಾಗುವುದೇ 5 ಲಕ್ಷ ಘನಮೀಟರ್, ಏಳೂವರೆ ಮೀಟರಿನಿಂದ. ಸಣ್ಣದು ಎನ್ನಿಸಿಕೊಳ್ಳುವಷ್ಟೂ ದೊಡ್ಡದಲ್ಲ!

ಆದರೆ ಅಪಾಯದ ದರ್ಜೆಯ ಪ್ರಶ್ನೆಯೇ ಬೇರೆ. ಏರಿ ಗಟ್ಟಿಯೋ ಶಿಥಿಲವೋ ಎಂದು ಅದು ಕೇಳುವುದಿಲ್ಲ. ಒಡೆದರೆ ಕೆಳಗೆ ಯಾರಿದ್ದಾರೆ ಎಂದು ಕೇಳುತ್ತದೆ. ಹೊಸದಾಗಿ ಕಟ್ಟಿದ ಭದ್ರವಾದ ಏರಿಯೂ ಮೇಲಿನ ದರ್ಜೆಗೆ ಬರಬಹುದು, ಗದ್ದೆ ಬಯಲಿನ ಮೇಲಿನ ಹಳೇ ಏರಿ ಕೆಳಗಿನ ದರ್ಜೆಯಲ್ಲೇ ಉಳಿಯಬಹುದು. ನಮ್ಮ ಕಚೇರಿಯಲ್ಲೂ ಏರಿಯ ಸ್ಥಿತಿ, ಅಪಾಯದ ದರ್ಜೆ ಎರಡೂ ಒಂದೇ ಎಂದುಕೊಂಡವರಿದ್ದಾರೆ.

ಅಕ್ಟೋಬರ್ 19, ಬುಧವಾರ

ಕೋಡಿಹಳ್ಳದ ಗುಂಟ ಕೆಳಗೆ ನಡೆದೆ. ಹಳೆಯ ನಕ್ಷೆಯಲ್ಲಿ ಬರೀ ಅಚ್ಚುಕಟ್ಟಿನ ಗದ್ದೆ. ಈಗ ಅಲ್ಲಿ ಲೇಔಟ್, ಒಂದು ಅಂಗನವಾಡಿ, ಹಳ್ಳದ ದಂಡೆಗೇ ಅಂಟಿಕೊಂಡ ಶೀಟಿನ ಮನೆಗಳು. ಏರಿ ಇದ್ದಲ್ಲೇ ಇದೆ, ಕೆರೆಗೆ ಒಂದು ಹನಿ ನೀರೂ ಹೆಚ್ಚಿಲ್ಲ. ದರ್ಜೆ ಮಾತ್ರ ಏರಿ ಕೂತಿದೆ.

ಏರಿ ಒಡೆದರೆ ಎಷ್ಟು ನೀರು ನುಗ್ಗೀತೆಂದು ರಾತ್ರಿ ಲೆಕ್ಕ ಹಾಕಿದೆ. ಒಡೆದುಹೋದ ಅಣೆಕಟ್ಟುಗಳ ಅಳತೆಯಿಂದ ಫ್ರೋಲಿಕ್ ಕಟ್ಟಿದ ಸೂತ್ರಕ್ಕೆ ನಮ್ಮ ಕೆರೆಯ ಎತ್ತರ, ಸಂಗ್ರಹ ಹಾಕಿದರೆ ಉತ್ತುಂಗದಲ್ಲಿ ಸೆಕೆಂಡಿಗೆ ಸುಮಾರು 300 ಘನಮೀಟರ್ ಬರುತ್ತದೆ. ಮೂರು ಲಕ್ಷ ಲೀಟರ್. ಅಂಗನವಾಡಿಯ ಮಕ್ಕಳನ್ನು ಎತ್ತಿಕೊಂಡು ಓಡಲು ಆಯಮ್ಮನಿಗೆ ಎಷ್ಟು ಹೊತ್ತು ಸಿಕ್ಕೀತು?

1977ರ ನವೆಂಬರ್ 6ರಂದು ನಡುರಾತ್ರಿ ಕಳೆದ ಮೇಲೆ ಅಮೆರಿಕದ ಜಾರ್ಜಿಯಾದಲ್ಲಿ ಕೆಲ್ಲಿ ಬಾರ್ನ್ಸ್ ಅಣೆಕಟ್ಟು ಒಡೆಯಿತು. ಅದೂ ಮಣ್ಣಿನದೇ, ಎತ್ತರ ಸುಮಾರು 12 ಮೀಟರ್. ಕೆಳಗಿದ್ದದ್ದು ಒಂದು ಕಾಲೇಜು. ಸತ್ತವರು 39 ಮಂದಿ. 2019ರ ಜುಲೈ 2ರ ರಾತ್ರಿ ರತ್ನಾಗಿರಿಯ ತಿವರೆ ಅಣೆಕಟ್ಟು ಒಡೆಯಿತು. ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು. ಆಮೇಲೆ ಮಂತ್ರಿಯೊಬ್ಬರು ಏಡಿಗಳ ಮೇಲೆ ಹೊರಿಸಿದರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಈ ಆಗಸ್ಟಿನಲ್ಲಿ ಧಾರ್ ಜಿಲ್ಲೆಯ ಕಾರಂ ಅಣೆಕಟ್ಟು ಸೋರಿದಾಗ ಹಳ್ಳಿಗಳನ್ನು ಖಾಲಿ ಮಾಡಿಸಿ, ಪಕ್ಕದಲ್ಲಿ ಕಾಲುವೆ ಕಡಿದು ನೀರು ಬಿಟ್ಟರು. ಒಂದು ಜೀವವೂ ಹೋಗಲಿಲ್ಲ. ಹಾಗೂ ಮಾಡಬಹುದು.

ನವೆಂಬರ್ 2, ಬುಧವಾರ

"ಮೇಲಿನ ದರ್ಜೆ ಅಂತ ಬರೆದರೆ ಅನುದಾನ ಎಲ್ಲಿಂದ ತರ್ತೀರಮ್ಮಾ? ಮಧ್ಯಮ ಅಂತ ಹಾಕಿ" ಎಂದರು ಮೇಲಿನವರೊಬ್ಬರು. ಅನುದಾನ ನೋಡಿ ದರ್ಜೆ ಕೊಡುವ ಪದ್ಧತಿ ಎಲ್ಲೂ ಇಲ್ಲ ಸಾರ್ ಎಂದೆ. ಮೇಲಿನ ದರ್ಜೆ ಎಂದೇ ಬರೆದು ಸಹಿ ಹಾಕಿದ್ದೇನೆ.

ಅನುದಾನ ಬರುವವರೆಗೆ ಕಾಯಲಾಗದ ಕೆಲಸಗಳಿವೆ. ಕೋಡಿಗೆ ಅಡ್ಡ ಕಟ್ಟಿರುವ ಕಾಂಪೌಂಡ್ ತೆಗೆಸಬೇಕು. ಏರಿಯ ಮೇಲೆ ನೀರು ಹತ್ತಿದರೆ ಮಣ್ಣು ನಿಲ್ಲುವುದಿಲ್ಲ. ಜಿನುಗುವಲ್ಲಿ ಮರಳು, ಜಲ್ಲಿ ಹಾಸಬೇಕು. ಹಳ್ಳದ ದಂಡೆಯ ಮನೆಗಳ ಪಟ್ಟಿ ಮಾಡಬೇಕು: ನಡೆಯಲಾರದವರು ಯಾರು, ಯಾರ ಬಳಿ ಫೋನಿಲ್ಲ. ಅಪಾಯ ಬಂದರೆ ಎಚ್ಚರಿಸಲು ತಮಟೆ ಹೊಡೆಯುವವರನ್ನು ತಾತ ಗೊತ್ತು ಮಾಡಿದ್ದಾರೆ. ನಾಳೆ ಲೇಔಟಿನಿಂದ ಶುರು.