ಇಂಟರ್ನೆಟ್ ಇಲ್ಲದ ವೆಬ್‌ಸೈಟು

ಬ್ರೌಸರಿನಲ್ಲಿ 127.0.0.1 ಎಂದು ಬರೆದು ಎಂಟರ್ ಒತ್ತಿದರೆ ಕಂಪ್ಯೂಟರು ಹೊರಗೆಲ್ಲೂ ಹೋಗುವುದಿಲ್ಲ, ತನ್ನನ್ನೇ ಕರೆದುಕೊಳ್ಳುತ್ತದೆ. ಈ ವಿಳಾಸಕ್ಕೆ ಲೋಕಲ್‌ಹೋಸ್ಟ್ ಎಂದು ಹೆಸರು. ಪುಟ ಕೇಳುವುದೂ ಅದೇ ಯಂತ್ರ, ಕೊಡುವುದೂ ಅದೇ ಯಂತ್ರ. ಕೊಡುವ ಕೆಲಸ ಅಪಾಚೆ ಎಂಬ ಸರ್ವರಿನದು. 1995ರಿಂದ ಇದು ಉಚಿತವಾಗಿ ಸಿಗುತ್ತಿದೆ. ಅಪಾಚೆ, ಮಾರಿಯಾಡಿಬಿ, ಪಿಎಚ್‌ಪಿ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕೊಡುವ ಕ್ಸಾಂಪ್ ತಂತ್ರಾಂಶವನ್ನು ಒಮ್ಮೆ ಇಳಿಸಿಕೊಂಡರೆ ಸಾಕು, ಆಮೇಲೆ ಡೇಟಾ ಪ್ಯಾಕಿನ ಹಂಗಿಲ್ಲ.

ನಾನು ಇದನ್ನು ಹಾಕಿಕೊಂಡದ್ದು ಅಬ್ಬಾನ ಉದ್ರಿ ಪುಸ್ತಕಕ್ಕಾಗಿ. ಗೋಕಾಕದಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ಎರಡೂ ಉಕ್ಕಿ ಊರೊಳಗೆ ಬಂದಾಗ ಸಕ್ಕರೆ, ಬ್ಯಾಳಿ ಜೊತೆ ಆ ಪುಸ್ತಕವೂ ನೀರುಪಾಲಾಯಿತು. ಸಾಮಾನು ಮತ್ತೆ ತರಬಹುದು. ಆದರೆ ಯಾರು ಎಷ್ಟು ಕೊಡಬೇಕು ಎಂಬುದಕ್ಕೆ ಬೇರೆ ಕಾಗದವೇ ಇರಲಿಲ್ಲ. "ಕಬ್ಬಿನ ಬಿಲ್ ಬಂದಮ್ಯಾಲೆ ಕೊಡ್ತೀನ್ರಿ ಚಾಚಾ" ಎಂದು ಒಯ್ದವರಲ್ಲಿ ಹಲವರು ತಾವಾಗಿ ಬಂದು ಲೆಕ್ಕ ಹೇಳಿ ಕೊಟ್ಟರು. ಕೆಲವರು ಬರಲಿಲ್ಲ. ಅವರ ಮನೆಗೂ ನೀರು ಹೊಕ್ಕಿತ್ತು, ಅಬ್ಬಾ ಕೇಳಲೂ ಇಲ್ಲ.

ನಮ್ಮ ಪಠ್ಯದಲ್ಲಿ ಎಸ್‌ಕ್ಯೂಎಲ್ ಬಂದಾಗ ಎಲ್ಲರೂ ವಿದ್ಯಾರ್ಥಿ, ಅಂಕ, ವಿಭಾಗ ಎಂಬ ಟೇಬಲ್ ಬರೆಯುತ್ತಿದ್ದರು. ನಾನು ಗ್ರಾಹಕ, ಸಾಮಾನು, ತಾರೀಖು, ಬಾಕಿ ಎಂದು ಬರೆದೆ. ಪ್ರೈಮರಿ ಕೀ ಯಾಕೆ ಬೇಕೆಂಬುದು ಅಲ್ಲೇ ತಿಳಿಯಿತು. ನಮ್ಮ ಖಾತೆಯಲ್ಲಿ ಒಂದೇ ಹೆಸರಿನ ಮೂವರಿದ್ದಾರೆ. ಒಬ್ಬರು ಕಲ್ಲೋಳಿಯವರು, ಒಬ್ಬರು ಅರಭಾವಿಯವರು, ಇನ್ನೊಬ್ಬರು ನಮ್ಮ ಓಣಿಯವರೇ. ಅಬ್ಬಾ ಮುಖ ನೋಡಿ ಗುರುತಿಸುತ್ತಾರೆ, ಡೇಟಾಬೇಸಿಗೆ ನಂಬರೇ ಬೇಕು.

ಹಳೆಯ ಲ್ಯಾಪ್‌ಟಾಪಿನಲ್ಲಿ ಅಪಾಚೆ ಸುಲಭಕ್ಕೆ ಏಳಲಿಲ್ಲ. 80ನೇ ಪೋರ್ಟನ್ನು ಬೇರೆ ಪ್ರೋಗ್ರಾಂ ಹಿಡಿದಿತ್ತು. ಸಂರಚನೆಯ ಕಡತದಲ್ಲಿ 'ಲಿಸನ್ 80' ಇದ್ದದ್ದನ್ನು 8080 ಮಾಡಿ, ವಿಳಾಸದ ಕೊನೆಗೂ ಅದೇ ಸಂಖ್ಯೆ ಸೇರಿಸಿದ ಮೇಲೆ ಪುಟ ಬಂತು. ಇದು ಅಂಥ ದೊಡ್ಡ ಸಂಗತಿಯಲ್ಲ, ಎಲ್ಲರಿಗೂ ಎದುರಾಗುತ್ತದೆ.

ಕಾಡಿದ್ದು ಕನ್ನಡ. ನಮ್ಮ ಮನೆಮಾತು ಉರ್ದುವಾದರೂ ಅಂಗಡಿಯ ಖಾತೆ ದಾದಾನ ಕಾಲದಿಂದಲೂ ಕನ್ನಡದಲ್ಲೇ ಇದೆ. ಹೆಸರು ಬರೆದು ಉಳಿಸಿದರೆ ಪರದೆಯ ಮೇಲೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಟೇಬಲ್ಲಿನ ಅಕ್ಷರ ಗುಂಪು ಲ್ಯಾಟಿನ್ ಆಗಿತ್ತು, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಅಕ್ಷರಸಂಕೇತಕ್ಕೂ ಮೂರು ಬೈಟು ಬೇಕು. ಟೇಬಲ್, ಸಂಪರ್ಕ, ಪುಟ ಮೂರನ್ನೂ ಯುಟಿಎಫ್-8ಕ್ಕೆ ಬದಲಿಸಿದೆ. ಹೊಸ ಹೆಸರುಗಳು ಸರಿಯಾಗಿ ಬಂದವು. ಪ್ರಶ್ನಾರ್ಥಕವಾಗಿ ಹೋಗಿದ್ದವು ಮಾತ್ರ ಮರಳಲಿಲ್ಲ, ಮತ್ತೆ ಟೈಪ್ ಮಾಡಬೇಕಾಯಿತು.

ಗೆಳೆಯರು ಕೇಳಿದರು, "ಇಷ್ಟೆಲ್ಲಾ ಮಾಡಿ ಆನ್‌ಲೈನ್ ಯಾಕ ಹಾಕವಲ್ಲಿ?" ಕ್ಸಾಂಪ್ ಕಲಿಕೆಗೆಂದು ಮಾಡಿದ್ದು, ಅದರಲ್ಲಿ ಡೇಟಾಬೇಸಿನ ರೂಟ್ ಬಳಕೆದಾರನಿಗೆ ಮೊದಲಿಗೆ ಪಾಸ್‌ವರ್ಡೇ ಇರುವುದಿಲ್ಲ. ಹಾಗೇ ಹೊರಗಿಟ್ಟರೆ ಅಂಗಡಿಯ ಶಟರ್ ತೆರೆದಿಟ್ಟು ಮಲಗಿದಂತೆ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಸಾಲವನ್ನು ಬರೆದಿಡಬೇಕೆಂಬ ಆದೇಶ ಸೂರಃ ಅಲ್-ಬಕರಾದ 282ನೇ ಆಯತ್‌ನಲ್ಲಿದೆ, ಕುರ್‌ಆನಿನ ಅತಿ ಉದ್ದದ ಆಯತ್ ಅದು. ಬರೆದದ್ದನ್ನು ಬೀದಿಗೆ ತೋರಿಸಬೇಕಾಗಿಲ್ಲ. ಯಾರ ಮನೆಗೆ ಯಾವ ತಿಂಗಳು ಅಕ್ಕಿ ಉದ್ರಿ ಹೋಯಿತು ಎಂಬುದು ನಮ್ಮ ಬಳಿ ಇರುವ ಅಮಾನತ್.

ಲ್ಯಾಪ್‌ಟಾಪೂ ನೀರಿನಲ್ಲಿ ಮುಳುಗುತ್ತದೆ. ಅದಕ್ಕೇ ಪ್ರತಿ ಶುಕ್ರವಾರ ಡೇಟಾಬೇಸನ್ನು ಎಕ್ಸ್‌ಪೋರ್ಟ್ ಮಾಡಿ, ಪಾಸ್‌ವರ್ಡ್ ಹಾಕಿದ ಜಿಪ್ ಕಡತವಾಗಿ ಪೆನ್‌ಡ್ರೈವಿಗೆ ಹಾಕುತ್ತೇನೆ. ಅದು ಘಟಪ್ರಭಾದಲ್ಲಿ, ಎತ್ತರದ ಓಣಿಯ ಖಾಲಾನ ಮನೆಯಲ್ಲಿ ಇರುತ್ತದೆ. ಅಬ್ಬಾ ಇನ್ನೂ ಕೆಂಪು ರಟ್ಟಿನ ಪುಸ್ತಕ ಬಿಟ್ಟಿಲ್ಲ. ತಿಂಗಳ ಕೊನೆಗೆ ಅವರು ಬೆರಳು ಮಡಚಿ ಕೂಡಿಸುತ್ತಾರೆ, ನಾನು ಸಮ್ ಹಾಕುತ್ತೇನೆ. ಕಳೆದ ಸಲ ಹದಿನೈದು ರೂಪಾಯಿ ವ್ಯತ್ಯಾಸ ಬಂತು. ಎಲ್ಲಿ ಎಂದು ಇಬ್ಬರೂ ಇನ್ನೂ ಹುಡುಕುತ್ತಿದ್ದೇವೆ.