ಸಂತೇಬೆನ್ನೂರಿನ ಹೊಂಡ ಮತ್ತು ಎರಡು ಜಿಲ್ಲೆಗಳ ಜಗಳ

ದಾವಣಗೆರೆಯಿಂದ ಚನ್ನಗಿರಿಗೆ ಹೋಗುವ ಬಸ್ಸು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಸಂತೇಬೆನ್ನೂರು ಸಿಗುತ್ತದೆ. ದಾರಿಯುದ್ದಕ್ಕೂ ಮೊದಲು ಮೆಕ್ಕೆಜೋಳ, ಆಮೇಲೆ ನಾಲೆ ನೀರಿನ ಭತ್ತ, ಊರು ಹತ್ತಿರವಾದಂತೆ ಅಡಿಕೆ ತೋಟಗಳು. ಕೊಯ್ಲಿನ ದಿನಗಳಲ್ಲಿ ಹೋದರೆ ಬೇಯಿಸಿದ ಅಡಿಕೆಯ ಚೊಗರಿನ ವಾಸನೆ ಬಸ್ಸಿನೊಳಗೇ ಬರುತ್ತದೆ. ಮನೆಯಂಗಳ, ತಾರಸಿ, ರಸ್ತೆಯ ಬದಿ ಎಲ್ಲೆಂದರಲ್ಲಿ ಕೆಂಪಗೆ ಹರಡಿದ ಅಡಿಕೆ. ಅದರ ಪಕ್ಕದಲ್ಲಿ ಸಾಲಾಗಿ ಕುಳಿತು ಸುಲಿಯುವ ಹೆಂಗಸರು, ಕೈಗೆ ಹತ್ತಿದ ಕರೆ ವಾರಗಟ್ಟಲೆ ಹೋಗುವುದಿಲ್ಲ.

ಈ ಊರಿಗೆ ಹೊರಗಿನವರು ಬರುವುದು ಹೊಂಡ ನೋಡಲು. ಪಾಳೇಗಾರ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಇದು. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ಅಂತಸ್ತು ಅಂತಸ್ತಾಗಿ ಏರಿದ ವಸಂತ ಮಂಟಪ. ಸುತ್ತಲಿನ ಎಂಟು ಚಿಕ್ಕ ಮಂಟಪಗಳಲ್ಲಿ ಈಗ ಉಳಿದಿರುವುದು ಆರು. ವಸಂತ ಮಂಟಪದ ಕಮಾನುಗಳನ್ನು ದೂರದಿಂದ ನೋಡಿದರೆ ಬಿಜಾಪುರದ ಯಾವುದೋ ಕಟ್ಟಡದ ನೆನಪಾಗುತ್ತದೆ. ಕಟ್ಟಿಸಿದವನು ಹಿಂದೂ ದೊರೆ, ಕಮಾನು ಮಾತ್ರ ಸುಲ್ತಾನರ ಕಾಲದ್ದು. ಕಲ್ಲುಕುಟಿಗರು ಯಾರ ಪಕ್ಷವನ್ನೂ ಕೇಳಲಿಲ್ಲವೆಂದು ಕಾಣುತ್ತದೆ.

ಹೊಂಡದ ಎದುರಿಗೇ ಮುಸಾಫಿರ್‌ಖಾನೆ. ಉದ್ದನೆಯ ಕಲ್ಲಿನ ಕಟ್ಟಡ, ಸಾಲು ಕಮಾನುಗಳು. ಬಿಜಾಪುರದ ಆದಿಲ್‌ಶಾಹಿ ಸೇನಾಪತಿ ರಣದುಲ್ಲಾ ಖಾನ್ 17ನೇ ಶತಮಾನದಲ್ಲಿ ಕಟ್ಟಿಸಿದ್ದು. ಇದ್ದ ರಂಗನಾಥ ದೇವಸ್ಥಾನವನ್ನು ಕೆಡವಿ ಇದನ್ನು ಕಟ್ಟಲಾಯಿತೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ನಾವು ಮಕ್ಕಳಿಗೆ ಈ ಜಾಗ ತೋರಿಸುವಾಗ ಆ ಮಾತನ್ನು ಬಿಟ್ಟು ಹೇಳಬಾರದು ಎಂಬುದು ನನ್ನ ಅಭಿಪ್ರಾಯ. ರಾಜರ ದಂಡಯಾತ್ರೆಯ ಲೆಕ್ಕವನ್ನು ಇಂದಿನ ಊರಿನವರ ತಲೆಗೆ ಕಟ್ಟುವುದು ಬೇರೆ, ನಡೆದದ್ದನ್ನು ನಡೆದಂತೆ ಹೇಳುವುದು ಬೇರೆ. ಎರಡೂ ಕಟ್ಟಡಗಳು ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ.

ಆ ನಾಯಕರ ಮನೆತನವೂ ಒಂದೇ ಕಡೆ ನಿಂತದ್ದಲ್ಲ. ಮೊದಲು ಬಸವಾಪಟ್ಟಣ, ಆಮೇಲೆ ಸಂತೇಬೆನ್ನೂರು, ಕೊನೆಗೆ ತರೀಕೆರೆ. ಈ ಸೀಮೆ ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತಲೇ ಬಂದಿದೆ. ಆ ಕಾಲದಲ್ಲಿ ಪ್ರಜೆಗಳನ್ನು ಕೇಳುವ ಪದ್ಧತಿ ಇರಲಿಲ್ಲ. ನಮ್ಮ ಕಾಲದಲ್ಲೂ ಕೈ ಬದಲಾಯಿತು. ಅದು 1997ರಲ್ಲಿ.

ಆ ವರ್ಷ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆಯಾಯಿತು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳನ್ನು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳನ್ನು, ಬಳ್ಳಾರಿಯಿಂದ ಹರಪನಹಳ್ಳಿಯನ್ನು ತೆಗೆದು ಸೇರಿಸಿದರು. ಆಗ ಮುಖ್ಯಮಂತ್ರಿಯಾಗಿದ್ದವರು ಜೆ.ಎಚ್. ಪಟೇಲರು. ಅವರು ಇದೇ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. 1967ರಲ್ಲಿ ಶಿವಮೊಗ್ಗದಿಂದಲೇ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದವರು. ಶಿವಮೊಗ್ಗದ ಸಂಸದರಾಗಿದ್ದವರೇ ತಮ್ಮ ತಾಲ್ಲೂಕನ್ನು ಶಿವಮೊಗ್ಗದಿಂದ ಬಿಡಿಸಿದರು. ಅದೇ ವರ್ಷ ಉಡುಪಿ, ಚಾಮರಾಜನಗರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ ಕೂಡ ಜಿಲ್ಲೆಗಳಾಗಿ ರಾಜ್ಯದ ಜಿಲ್ಲೆಗಳ ಸಂಖ್ಯೆ 20ರಿಂದ 27ಕ್ಕೆ ಏರಿತು.

ನಾನಾಗ ಪಿ.ಯು.ಸಿ. ಓದುತ್ತಿದ್ದೆ. ನನ್ನ ಖಾಲಾ ಸಂತೇಬೆನ್ನೂರಿನ ಸೊಸೆ, ಫೂಫಿಯನ್ನು ಕೊಟ್ಟಿದ್ದು ನ್ಯಾಮತಿಗೆ. ಆಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಹೋಬಳಿ. ಅದೇ ವರ್ಷ ನಮ್ಮ ಮನೆಯ ಒಂದು ಮದುವೆಗೆ ಇಬ್ಬರೂ ಬಂದಿದ್ದರು. ಗಂಡಸರು ಪಡಸಾಲೆಯಲ್ಲಿ ಜಿಲ್ಲೆಯ ವಿಷಯಕ್ಕೆ ಜೋರು ಮಾತಾಡುತ್ತಿದ್ದರೆ, ಅಡುಗೆ ಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಇವರಿಬ್ಬರದೂ ಅದೇ ಮಾತು.

ಖಾಲಾ ಹೇಳುತ್ತಿದ್ದರು: "ಒಳ್ಳೆಯದೇ ಆಯಿತು ಆಪಾ. ನಮಗೆ ದಾವಣಗೆರೆ ಹತ್ತಿರ. ಹೆರಿಗೆ ನೋವು ಬಂದರೆ ಯಾವ ಜಿಲ್ಲೆ ಎಂದು ನೋಡುತ್ತೇವಾ? ಯಾವ ಬಸ್ಸು ಮೊದಲು ಬರುತ್ತದೆ ಎಂದು ನೋಡುತ್ತೇವೆ."

ಫೂಫಿ ಒಪ್ಪಲಿಲ್ಲ. "ನಿಮಗೆ ಹತ್ತಿರ, ನಮಗೆ? ನಾವು ಮನೆ ಬಾಗಿಲಲ್ಲಿ ನಿಂತರೆ ಶಿವಮೊಗ್ಗದ ಬಸ್ಸು. ಇನ್ನು ಒಂದು ಸಹಿ ಬೇಕೆಂದರೆ ಹೊನ್ನಾಳಿ ದಾಟಿ, ಹೊಳೆ ದಾಟಿ, ದಾವಣಗೆರೆಗೆ ಹೋಗಬೇಕು. ಮುಖ್ಯಮಂತ್ರಿ ನಿಮ್ಮ ತಾಲ್ಲೂಕಿನವರಲ್ಲವಾ, ನೀವಾದರೂ ಹೇಳಬೇಕಿತ್ತು!"

ಎಲ್ಲರೂ ನಕ್ಕರು. ಆದರೆ ಆ ಎರಡು ಮಾತಿನಲ್ಲಿ ಇಡೀ ವಿವಾದ ಇತ್ತು ಎಂದು ಈಗ ಅನಿಸುತ್ತದೆ. ಒಂದೇ ತಾಲ್ಲೂಕಿನೊಳಗೂ ಒಂದು ಅಭಿಪ್ರಾಯ ಇರಲಿಲ್ಲ. ಸಂತೇಬೆನ್ನೂರು ತಾಲ್ಲೂಕಿನ ಉತ್ತರದ ತುದಿ, ದಾವಣಗೆರೆಯ ಕಡೆಗೆ ಮುಖ ಮಾಡಿದ ಊರು. ಚನ್ನಗಿರಿ ಪಟ್ಟಣಕ್ಕೆ ಮಾತ್ರ ಶಿವಮೊಗ್ಗವೇ ಹತ್ತಿರ. ಪಡಸಾಲೆಯಲ್ಲಿ ಕುಳಿತವರ ವಾದ ಇನ್ನೊಂದು ತರಹದ್ದು. ನಾವು ಅರೆಮಲೆನಾಡಿನವರು, ಅಡಿಕೆ ಬೆಳೆಯುವವರು, ಹತ್ತಿ ಗಿರಣಿಯ ಬಯಲುಸೀಮೆಗೂ ನಮಗೂ ಏನು ಸಂಬಂಧ ಎಂದು ಕೆಲವರು. ಹೊಸ ಜಿಲ್ಲೆಗೆ ಹೊಸ ಕಛೇರಿ, ಹೊಸ ನೌಕರಿ, ಹೊಸ ದುಡ್ಡು ಬರುತ್ತದೆ, ಹಳೆಯ ಜಿಲ್ಲೆಯ ಮೂಲೆಯಲ್ಲಿ ಬಿದ್ದಿರುವುದಕ್ಕಿಂತ ಇದೇ ಮೇಲು ಎಂದು ಇನ್ನು ಕೆಲವರು.

ಎಲ್ಲರಿಗಿಂತ ಬೇಸರಗೊಂಡಿದ್ದವರು ಖಾಲೂ. ಅವರದು ಅಡಿಕೆ ಖೇಣಿ ವ್ಯಾಪಾರ. ಮರದ ಮೇಲಿರುವಾಗಲೇ ಫಸಲನ್ನು ಗುತ್ತಿಗೆ ಹಿಡಿದು, ಕೊಯ್ಲು ಮಾಡಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವ ಕಸುಬು. ಈ ಭಾಗದಲ್ಲಿ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ಇದರಿಂದ. ಅವರ ಮಾಲು ಹೋಗುತ್ತಿದ್ದುದು ಶಿವಮೊಗ್ಗದ ಮಂಡಿಗೆ. ಸಾಲ ಕೊಡುತ್ತಿದ್ದವರೂ ಅಲ್ಲಿಯವರು. ಜಿಲ್ಲೆ ಹೋದರೆ ಮಂಡಿಯೂ ಹೋಗುತ್ತದೆ ಎಂಬ ಭಯ ಅವರದು.

ಹಾಗಾಗಲಿಲ್ಲ. ಲಾರಿಗಳು ಮೊದಲು ಎಲ್ಲಿಗೆ ಹೋಗುತ್ತಿದ್ದವೋ ಅಲ್ಲಿಗೇ ಹೋದವು. ರಾಶಿ ಅಡಿಕೆಯ ಧಾರಣೆ ತಿಳಿಯಲು ಜನ ಇವತ್ತಿಗೂ ಶಿವಮೊಗ್ಗ, ಚನ್ನಗಿರಿ, ಭೀಮಸಮುದ್ರ ಎಲ್ಲವನ್ನೂ ಒಟ್ಟಿಗೇ ನೋಡುತ್ತಾರೆ. ಇವು ಮೂರು ಬೇರೆ ಬೇರೆ ಜಿಲ್ಲೆಗಳು! ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಇದ್ದಂತೆ ಚನ್ನಗಿರಿಯಲ್ಲಿ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್ ಇದೆ, ಅದು ಬೆಳೆದದ್ದೂ ಇದೇ ತಾಲ್ಲೂಕಿನ ಅಡಿಕೆಯಿಂದ. ಹಾಲಿನದೂ ಇದೇ ಕಥೆ. ಜಿಲ್ಲೆ ಬೇರೆಯಾದ ಮೇಲೂ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರಕ್ಕೂ ಒಂದೇ ಹಾಲು ಒಕ್ಕೂಟ ಮುಂದುವರಿಯಿತು. ದಾವಣಗೆರೆಗೆ ಪ್ರತ್ಯೇಕ ಒಕ್ಕೂಟ ಬೇಕೆಂಬ ಬೇಡಿಕೆ, ಬೇಡವೆಂಬ ವಾದ ಎರಡೂ ವರ್ಷಗಟ್ಟಲೆ ಕೇಳಿಬಂದಿವೆ. ಡೇರಿಗೆ ಬೆಳಿಗ್ಗೆ ಸಂಜೆ ಹಾಲು ಹಾಕುವ ಹೆಂಗಸರು ಕೇಳುವುದು ಒಂದನ್ನೇ, ಲೀಟರಿಗೆ ಎಷ್ಟು ಕೊಡುತ್ತೀರಿ ಎಂದು.

ತೊಂದರೆಯಾದದ್ದು ಕಾಗದಗಳ ವಿಷಯದಲ್ಲಿ. ಖಾಲಾರ ಅತ್ತೆಗೆ ತವರಿನಿಂದ ಬಂದ ಒಂದು ಎಕರೆ ಚಿಲ್ಲರೆ ತೋಟ ಇತ್ತು. ಶರೀಅತ್ತಿನ ಪ್ರಕಾರ ಅಣ್ಣತಮ್ಮಂದಿರು ಮನಸ್ಸಿನಿಂದ ಕೊಟ್ಟ ಪಾಲು. ಅದನ್ನು ಅವರ ಹೆಸರಿಗೆ ಮಾಡಿಸುವ ಅರ್ಜಿ ಮೇಲ್ಮನವಿಯಲ್ಲಿದ್ದಾಗಲೇ ಜಿಲ್ಲೆ ಬದಲಾಯಿತು. ಒಂದು ಕಛೇರಿಯಲ್ಲಿ ಕೇಳಿದರೆ ಕಡತ ಕಳಿಸಿದ್ದೇವೆ ಎಂದರು, ಇನ್ನೊಂದರಲ್ಲಿ ಬಂದಿಲ್ಲ ಎಂದರು. ಬುರ್ಖಾ ಹಾಕಿಕೊಂಡು, ಮೊಮ್ಮಗನ ಕೈ ಹಿಡಿದು ಆ ಮುದುಕಿ ಎರಡು ಊರುಗಳ ನಡುವೆ ಓಡಾಡಿದ್ದನ್ನು ನಾನು ನೋಡಿದ್ದೇನೆ. ಖಾತೆಯಾಗುವ ಹೊತ್ತಿಗೆ ಅವರು ಇರಲಿಲ್ಲ. ಜಿಲ್ಲೆ ಮಾಡುವಾಗ ಭಾಷಣ ಮಾಡಿದವರೂ ವಿರೋಧಿಸಿದವರೂ ಇಂಥ ಕಡತಗಳ ಬಗ್ಗೆ ಒಂದು ಮಾತೂ ಆಡಿದ್ದು ನನಗೆ ನೆನಪಿಲ್ಲ.

ಉಳಿದವು ಒಂದೊಂದಾಗಿ ಬದಲಾದವು. ನಾನು ಬಿ.ಎ. ಮಾಡಿದ್ದು ಕುವೆಂಪು ವಿಶ್ವವಿದ್ಯಾಲಯದಿಂದ. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆದ ಮೇಲೆ ಚನ್ನಗಿರಿಯ ಹುಡುಗಿಯರ ಪದವಿ ಪತ್ರದ ಮೇಲೆ ಬೇರೆ ಹೆಸರು ಬಂತು. 2008ರ ಕ್ಷೇತ್ರ ಮರುವಿಂಗಡಣೆಯ ನಂತರ ಚನ್ನಗಿರಿ, ಹೊನ್ನಾಳಿಗಳು ಲೋಕಸಭೆಗೂ ದಾವಣಗೆರೆಯ ಜೊತೆಗೇ ಓಟು ಹಾಕುತ್ತಿವೆ. ಅಂದರೆ ಪೂರ್ತಿ ಬಿಟ್ಟು ಬರಲು ಹತ್ತು ಹನ್ನೆರಡು ವರ್ಷ ಹಿಡಿಯಿತು. ಮೆಗ್ಗಾನ್ ಆಸ್ಪತ್ರೆಗೆ ಹೋಗುವ ಚನ್ನಗಿರಿಯವರು ಈಗಲೂ ಮೆಗ್ಗಾನ್‌ಗೇ ಹೋಗುತ್ತಾರೆ, ಸಂತೇಬೆನ್ನೂರಿನವರು ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ.

ಈ ಜಗಳದಲ್ಲಿ ನಿಜವಾಗಿ ಬಿಟ್ಟು ಹೋದದ್ದು ಹರಪನಹಳ್ಳಿ. ಅದರ ಕಥೆ ಇನ್ನೂ ವಿಚಿತ್ರ. ಬಳ್ಳಾರಿಯಿಂದ ದಾವಣಗೆರೆಗೆ ಬಂದ ಆ ತಾಲ್ಲೂಕಿಗೆ ಜಿಲ್ಲಾ ಕೇಂದ್ರ ಹತ್ತಿರವಾಗಿತ್ತು, ಜನರಿಗೆ ಅನುಕೂಲವೂ ಇತ್ತು. ಆದರೆ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371 (ಜೆ) ಕಲಮು ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಸೌಲಭ್ಯ ಕೊಟ್ಟಾಗ ಬಳ್ಳಾರಿಗೂ ಅದು ಸಿಕ್ಕಿತು. ಆ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು ಅಲ್ಲಿಯ ಮಕ್ಕಳಿಗೆ, ನೌಕರಿಗಳಲ್ಲೂ ದೊಡ್ಡ ಪಾಲು. ಹರಪನಹಳ್ಳಿ ದಾವಣಗೆರೆಯಲ್ಲಿದ್ದ ಕಾರಣಕ್ಕೆ ಹೊರಗೆ ಉಳಿಯಿತು. ಪಕ್ಕದ ಹಡಗಲಿಯ ಹುಡುಗಿಗೆ ಮೆಡಿಕಲ್ ಸೀಟು, ಅದೇ ಅಂಕ ತೆಗೆದ ಹರಪನಹಳ್ಳಿಯ ಹುಡುಗಿಗೆ ಇಲ್ಲ ಎಂದಾದರೆ ಯಾವ ತಂದೆತಾಯಿ ಸುಮ್ಮನಿರುತ್ತಾರೆ? ಹೋರಾಟ ನಡೆಯಿತು, ಆಗಿನ ಶಾಸಕ ಎಂ.ಪಿ. ರವೀಂದ್ರ ಅದರ ಮುಂದೆ ನಿಂತರು, 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು. ಹತ್ತಿರದ ಊರನ್ನು ಬಿಟ್ಟು, ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರವನ್ನು ಅವರೇ ಕೇಳಿ ಪಡೆದರು. ಹಿರಿಯರಿಗೆ ದೂರ ಎನಿಸಿದ್ದು ಮಕ್ಕಳ ಕಣ್ಣಿಗೆ ಸೀಟಾಗಿ ಕಂಡಿತು. ಲೋಕಸಭೆಗೆ ಮಾತ್ರ ಹರಪನಹಳ್ಳಿ 2024ರಲ್ಲೂ ದಾವಣಗೆರೆ ಕ್ಷೇತ್ರದಲ್ಲೇ ಓಟು ಹಾಕಿತು. ಗಂಡನ ಮನೆ ಬಿಟ್ಟರೂ ಪಡಿತರ ಚೀಟಿಯಲ್ಲಿ ಹೆಸರು ಅಲ್ಲೇ ಉಳಿದ ಹಾಗೆ.

ಮರಳಿ ಹೋದ ಮನೆಯೂ ಎರಡಾಯಿತು. ವಿಜಯನಗರ ಜಿಲ್ಲೆಗೆ 2020ರ ನವೆಂಬರ್‌ನಲ್ಲಿ ಸಚಿವ ಸಂಪುಟ ಒಪ್ಪಿದಾಗ ಬಳ್ಳಾರಿಯಲ್ಲಿ ಬಂದ್ ನಡೆಯಿತು. ಹೊಸಪೇಟೆಯ ಆನಂದ್ ಸಿಂಗ್ ಜಿಲ್ಲೆ ಬೇಕೆಂದರೆ, ಅದೇ ಪಕ್ಷದ ಬಳ್ಳಾರಿಯ ಶಾಸಕ ಸೋಮಶೇಖರ ರೆಡ್ಡಿ ಬೇಡವೆಂದರು. ಹರಪನಹಳ್ಳಿಯವರು ನಮ್ಮ ಊರನ್ನೇ ಜಿಲ್ಲಾ ಕೇಂದ್ರ ಮಾಡಿ ಎಂದರು. ಸರಕಾರ ಆಕ್ಷೇಪಣೆಗಳನ್ನು ಕರೆಯಿತು, ಬಂದವು, 2021ರಲ್ಲಿ ಜಿಲ್ಲೆ ಆಯಿತು. ಹೊಸಪೇಟೆ ಅದರ ಕೇಂದ್ರ.

ಜನರನ್ನು ನೇರವಾಗಿ ಕೇಳಿದರೆ ಜಗಳ ತೀರುತ್ತದೆಯೇ? ಬ್ರಿಟನ್ನಿನವರು ಕೇಳಿ ನೋಡಿದ್ದಾರೆ. ಯುರೋಪಿನ ಒಕ್ಕೂಟಕ್ಕೆ ಅವರು ಸೇರಿದ್ದು 1973ರಲ್ಲಿ. ಬಿಡಬೇಕೇ ಬೇಡವೇ ಎಂದು 2016ರ ಜೂನ್ 23ರಂದು ಮತ ಹಾಕಿಸಿದರು. ಬಿಡಬೇಕೆಂದವರು ಶೇ. 51.9, ಬೇಡವೆಂದವರು ಶೇ. 48.1. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನಲ್ಲಿ ಹೆಚ್ಚಿನವರು ಉಳಿಯಬೇಕೆಂದೇ ಹೇಳಿದ್ದರು. ಕೊನೆಗೆ ಹೊರಬಂದದ್ದು 2020ರ ಜನವರಿ 31ಕ್ಕೆ, ಅಷ್ಟರಲ್ಲಿ ಇಬ್ಬರು ಪ್ರಧಾನಿಗಳು ಕುರ್ಚಿ ಬಿಟ್ಟಿದ್ದರು. ಅಲ್ಲಿಯೂ ಮನೆಮನೆಯಲ್ಲಿ ಅಪ್ಪ ಒಂದು ಕಡೆ, ಮಗಳು ಒಂದು ಕಡೆ. ಅವರಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮ ಖಾಲೂ ಜಿಲ್ಲೆ ಬಿಟ್ಟ ಮೇಲೂ ಅಡಿಕೆಯನ್ನು ಹಳೆಯ ಮಂಡಿಗೇ ಒಯ್ದರು, ದಾರಿಯಲ್ಲಿ ಯಾರೂ ಸುಂಕದ ಕಾಗದ ಕೇಳಲಿಲ್ಲ. ಬ್ರಿಟನ್ ವ್ಯಾಪಾರದ ಕೂಟವನ್ನೂ ಬಿಟ್ಟಿತು. ತನ್ನದೇ ಭಾಗವಾದ ಉತ್ತರ ಐರ್ಲೆಂಡಿಗೆ ಸಾಮಾನು ಕಳಿಸಲೂ ಕಾಗದ ಪತ್ರ ಬೇಕಾಗಿ, 2023ರಲ್ಲಿ ಮತ್ತೆ ಹೊಸ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಮತ ಹಾಕಿಸಿದ್ದರೆ ನಮ್ಮ ಕಡೆ ಏನಾಗುತ್ತಿತ್ತು ಎಂದು ನಾನು ಯೋಚಿಸುತ್ತೇನೆ. ಸಂತೇಬೆನ್ನೂರು ದಾವಣಗೆರೆ ಎನ್ನುತ್ತಿತ್ತು, ನ್ಯಾಮತಿ ಶಿವಮೊಗ್ಗ ಎನ್ನುತ್ತಿತ್ತು, ಚನ್ನಗಿರಿ ಪೇಟೆಯಲ್ಲಿ ಎಣಿಕೆ ಮುಗಿಯುವವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಸೋತ ಊರಿನವರು ಗೆದ್ದ ಊರಿನ ಬಸ್ಸಿನಲ್ಲೇ ಸಹಿಗೆ ಹೋಗಬೇಕಾಗುತ್ತಿತ್ತು.

ನ್ಯಾಮತಿ 2018ರಲ್ಲಿ ತಾಲ್ಲೂಕಾಯಿತು. ಸಣ್ಣಪುಟ್ಟ ಕೆಲಸಕ್ಕೆ ಹೊನ್ನಾಳಿಗೂ ಹೋಗಬೇಕಿಲ್ಲ ಎಂದು ಫೂಫಿಗೆ ಸಮಾಧಾನ. ಜಿಲ್ಲೆಯ ವಿಷಯದಲ್ಲಿ ಮಾತ್ರ ಅವರು ಈಗಲೂ ರಾಜಿಯಾಗಿಲ್ಲ. ಕಳೆದ ಸಲ ಹೋದಾಗ ಮೊಮ್ಮಗಳ ಆಧಾರ್ ಕಾರ್ಡ್ ಕೈಗೆ ಕೊಟ್ಟು, "ಓದಿ ಹೇಳು, ಯಾವ ಜಿಲ್ಲೆ ಬರೆದಿದ್ದಾರೆ?" ಎಂದರು. ದಾವಣಗೆರೆ ಎಂದೆ. "ಬರೆಯಲಿ ಬಿಡು" ಎಂದು ಒಳಗೆ ಹೋಗಿ ಶಿವಮೊಗ್ಗದಿಂದ ತರಿಸಿದ ಬಿಸ್ಕತ್ತು ತಂದಿಟ್ಟರು.